ಟಾಕ್ಸಿಕಾಲಜಿಯಲ್ಲಿ ಪಿಎಚ್.ಡಿ.: ಇಲಿಗಳ ಲ್ಯಾಬೋ, ಗರ್ಭಿಣಿಯರ ಕೋಹಾರ್ಟೋ?

ಪ್ರಶ್ನೆ: ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಮೂರು ವರ್ಷದಿಂದ ಔಷಧ ತಯಾರಿಸುವ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೋಡಿಕೊಳ್ಳುತ್ತಿದ್ದೇನೆ. ಟಾಕ್ಸಿಕಾಲಜಿ (ವಿಷವಿಜ್ಞಾನ) ಮತ್ತು ಪರಿಸರ ಆರೋಗ್ಯದಲ್ಲಿ ಪಿಎಚ್.ಡಿ. ಮಾಡಲು ಎರಡು ಗುಂಪುಗಳಿಂದ ಕರೆ ಬಂದಿದೆ. ಮೊದಲನೆಯದು ಕೀಟನಾಶಕಗಳು ಯಕೃತ್ತಿಗೆ ಮಾಡುವ ಹಾನಿಯನ್ನು ಸೆಲ್ ಕಲ್ಚರ್‌ನಲ್ಲೂ ಇಲಿಗಳಲ್ಲೂ ನೋಡುತ್ತದೆ. ಎರಡನೆಯದು ಗರ್ಭಿಣಿಯರ ಮೂತ್ರದಲ್ಲಿ ಪ್ಲಾಸ್ಟಿಕ್ ರಾಸಾಯನಿಕಗಳನ್ನು ಅಳೆದು, ಮುಂದೆ ಮಕ್ಕಳ ಬೆಳವಣಿಗೆಯನ್ನು ಗಮನಿಸುವ ಕೋಹಾರ್ಟ್, ಅಂದರೆ ಒಂದೇ ಜನರ ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ. ಇಲಿ ಕೊಲ್ಲುವುದು ನನ್ನಿಂದ ಆದೀತೇ ಗೊತ್ತಿಲ್ಲ. ಎರಡು ಮೂರು ವರ್ಷಗಳಲ್ಲಿ ಮಗು ಬೇಕೆಂದುಕೊಂಡಿದ್ದೇವೆ, ವಿಷಗಳ ನಡುವೆ ಕೆಲಸ ಮಾಡಬೇಡ ಎಂದು ಮನೆಯಲ್ಲಿ ಹೇಳುತ್ತಾರೆ. ಹಾಗೆಂದು ಕೋಹಾರ್ಟ್ ಕಡೆ ಹೋಗೋಣವೆಂದರೆ ಸ್ಟ್ಯಾಟಿಸ್ಟಿಕ್ಸ್ ಭಯ. ಐದು ವರ್ಷ ಕಳೆದ ಮೇಲೆ ಕಾಲೇಜಿನ ಕೆಲಸ ಬಿಟ್ಟರೆ ಬೇರೇನೂ ಸಿಗುವುದಿಲ್ಲ ಎನ್ನುವವರೂ ಇದ್ದಾರೆ. ಯಾವುದನ್ನು ಆರಿಸಲಿ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆ, ಅದರ ಬೆನ್ನಿಗೆ ನಾಲ್ಕು ಅಳುಕುಗಳಿವೆ: ಪ್ರಾಣಿ, ಬಸಿರು, ಲೆಕ್ಕ, ಕೆಲಸ. ನಾಲ್ಕನ್ನೂ ಒಂದೊಂದಾಗಿ ನೋಡೋಣ. ಆದರೆ ಆಯ್ಕೆಯನ್ನು ಇವುಗಳ ಮೇಲಷ್ಟೇ ನಿಲ್ಲಿಸಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಈ ಕ್ಷೇತ್ರದ ಒಂದು ಥೀಸಿಸ್ ಗಟ್ಟಿಯೋ ಜೊಳ್ಳೋ ಎಂಬುದು ಹೆಚ್ಚಿನ ಸಲ ತೀರ್ಮಾನವಾಗುವುದು ಡೋಸ್‌ನಲ್ಲಿ. ಆ ಜೀವಕೋಶಕ್ಕೆ, ಆ ಇಲಿಗೆ ಅಥವಾ ಆ ಗರ್ಭಿಣಿಗೆ ನಿಜವಾಗಿ ಎಷ್ಟು ರಾಸಾಯನಿಕ, ಯಾವಾಗ ತಲುಪಿತು ಎಂಬುದು ವಿದ್ಯಾರ್ಥಿಗೆ ಗೊತ್ತಿರಬೇಕು. ಅದನ್ನು ಅಳೆಯಲು ಕಲಿಸುವ ಗುಂಪು ಯಾವುದೋ ಅದು ನಿಮ್ಮ ಗುಂಪು. ಎಚ್‌ಪಿಎಲ್‌ಸಿ ಮುಂದೆ ಮೂರು ವರ್ಷ ಕುಳಿತವರಿಗೆ ಇಲ್ಲಿ ಇರುವ ಅನುಕೂಲ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಡೋಸ್ ಎಂಬ ಕಗ್ಗಂಟು

ಡೋಸೇ ವಿಷವನ್ನು ವಿಷವಾಗಿಸುತ್ತದೆ ಎಂಬ ಮಾತನ್ನು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನ ಹೆಸರಿನಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ಮಾತು ಸರಿ, ಆದರೆ ಅರ್ಧ. ಹಿಂದೆ ಬಸಿರಿನ ವಾಕರಿಕೆಗೂ ಕೊಡುತ್ತಿದ್ದ ಥಾಲಿಡೋಮೈಡ್ ಮಾತ್ರೆ ಭ್ರೂಣದ ಕೈಕಾಲುಗಳನ್ನು ಕೆಡಿಸಿದ್ದು ಗರ್ಭಧಾರಣೆಯಾದ ಸುಮಾರು 20ರಿಂದ 36ನೇ ದಿನದ ನಡುವೆ ತೆಗೆದುಕೊಂಡವರಲ್ಲಿ. ಅದೇ ಮಾತ್ರೆ, ಅಷ್ಟೇ ಮಿಲಿಗ್ರಾಂ, ಕೆಲವು ವಾರ ತಡವಾಗಿ ತೆಗೆದುಕೊಂಡವರಲ್ಲಿ ಆ ವೈಕಲ್ಯ ಕಾಣಲಿಲ್ಲ. ಹಾಗಾಗಿ ಎಷ್ಟು ಎಂಬುದರ ಜೊತೆ ಯಾವಾಗ, ಯಾವ ದಾರಿಯಲ್ಲಿ, ಯಾವ ರೂಪದಲ್ಲಿ ಎಂಬುದೂ ಸೇರಿಯೇ ಡೋಸ್ ಆಗುತ್ತದೆ.

ನಿಮ್ಮ ಮೊದಲ ಗುಂಪಿನ ಸೆಲ್ ಕಲ್ಚರ್ ತೆಗೆದುಕೊಳ್ಳಿ. ‘10 ಮೈಕ್ರೋಮೋಲಾರ್ ಕೊಟ್ಟೆವು’ ಎಂದು ಬರೆಯುತ್ತಾರೆ (ಮೈಕ್ರೋಮೋಲಾರ್ ಎಂದರೆ ದ್ರಾವಣದ ಸಾಂದ್ರತೆಯ ಅಳತೆ). ಅದು ಪಿಪೆಟ್‌ನಿಂದ ಬಾವಿಗೆ (ಕೋಶ ಬೆಳೆಸುವ ಪ್ಲೇಟಿನ ಪುಟ್ಟ ಗುಳಿಗೆ) ಹಾಕಿದ ಲೆಕ್ಕ, ಕೋಶದೊಳಗೆ ಹೋದದ್ದಲ್ಲ. ಕ್ಲೋರ್‌ಪೈರಿಫಾಸ್‌ನಂಥ ಕೊಬ್ಬು-ಪ್ರಿಯ ಕೀಟನಾಶಕದ ಒಂದು ಪಾಲು ಪ್ಲೇಟಿನ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಇನ್ನೊಂದು ಪಾಲು ಕೋಶಗಳ ಪೋಷಕ ದ್ರವವಾದ ಮೀಡಿಯಾದಲ್ಲಿರುವ ಸೀರಮ್‌ನ ಆಲ್ಬುಮಿನ್‌ಗೆ ಕಚ್ಚಿಕೊಳ್ಳುತ್ತದೆ. ಕೋಶಕ್ಕೆ ಸಿಗುವ ಮುಕ್ತ ಪ್ರಮಾಣ ತೀರಾ ಕಡಿಮೆ ಇರಬಹುದು. ಸೀರಮ್ ಅನ್ನು ಶೇ 10ರಿಂದ ಶೇ 1ಕ್ಕೆ ಇಳಿಸಿದಾಗ ಅದೇ ರಾಸಾಯನಿಕ ಇದ್ದಕ್ಕಿದ್ದಂತೆ ಹೆಚ್ಚು ವಿಷಕಾರಿಯಾಗಿ ಕಾಣುವುದು ಇದೇ ಕಾರಣಕ್ಕೆ. ಅದನ್ನು ಹೊಸ ಆವಿಷ್ಕಾರ ಎಂದು ತಿಳಿದು ಒಂದು ಅಧ್ಯಾಯವನ್ನೇ ಬರೆಯುವವರಿದ್ದಾರೆ.

ಯಕೃತ್ತಿನ ಕೆಲಸಕ್ಕೆ ಎಲ್ಲೆಡೆ ಬಳಕೆಯಲ್ಲಿರುವ ಹೆಪ್‌ಜಿ2 ಕೋಶಗಳದ್ದು ಇನ್ನೊಂದು ತೊಡಕು. ಇವುಗಳಲ್ಲಿ ಸೈಟೋಕ್ರೋಮ್ ಪಿ450 ಕಿಣ್ವಗಳ ಚಟುವಟಿಕೆ ಬಹಳ ಕಡಿಮೆ. ಕ್ಲೋರ್‌ಪೈರಿಫಾಸ್ ದೇಹದಲ್ಲಿ ಇದೇ ಕಿಣ್ವಗಳ ಮೂಲಕ ಆಕ್ಸಾನ್ ರೂಪಕ್ಕೆ ತಿರುಗಿದ ಮೇಲೆ ತೀಕ್ಷ್ಣವಾಗುತ್ತದೆ. ಆ ಪರಿವರ್ತನೆಯೇ ಸರಿಯಾಗಿ ನಡೆಯದ ಕೋಶದಲ್ಲಿ ‘ಹಾನಿ ಕಾಣಲಿಲ್ಲ’ ಎಂದರೆ ಅದಕ್ಕೆ ಅರ್ಥವಿಲ್ಲ. ಹೆಪಾಆರ್‌ಜಿ ಅಥವಾ ಪ್ರೈಮರಿ ಹೆಪಟೋಸೈಟ್ (ಈ ಕಿಣ್ವಗಳು ಹೆಚ್ಚಿರುವ ಯಕೃತ್ತಿನ ಕೋಶಗಳು) ಬಳಸುತ್ತೀರಾ ಎಂದು ಗೈಡ್‌ಗೆ ಕೇಳಿ. ದುಬಾರಿ ಎಂಬ ಉತ್ತರ ಬಂದರೆ ಅದು ಪ್ರಾಮಾಣಿಕ ಉತ್ತರ. ಪ್ರಶ್ನೆಯೇ ಅರ್ಥವಾಗದಿದ್ದರೆ ಎಚ್ಚರ ವಹಿಸಿ.

ಇಲಿಯಲ್ಲಿ ಡೋಸ್ ನಿಖರವಾಗಿ ಗೊತ್ತಿರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಆಹಾರದಲ್ಲಿ ಬೆರೆಸಿ ಕೊಟ್ಟರೆ ಮಿಶ್ರಣ ಎಲ್ಲ ಕಡೆ ಸಮವಾಗಿದೆಯೇ, ವಾರ ಕಳೆದ ಮೇಲೂ ರಾಸಾಯನಿಕ ಕೆಡದೆ ಉಳಿದಿದೆಯೇ, ಇಲಿ ಎಷ್ಟು ತಿಂದಿತು, ಎಷ್ಟು ಚೆಲ್ಲಿತು, ಇವೆಲ್ಲ ಅಳೆಯಬೇಕಾದವು. ಗ್ಯಾವೇಜ್ ಸೂಜಿಯಿಂದ ನೇರ ಹೊಟ್ಟೆಗೆ ಕೊಡುವಾಗ ಸಾಮಾನ್ಯ ಮಿತಿ 100 ಗ್ರಾಂ ತೂಕಕ್ಕೆ 1 ಮಿಲಿಲೀಟರ್, ನೀರಿನ ದ್ರಾವಣವಾದರೆ 2. ಕೈ ಪಳಗದವರು ಕೊಟ್ಟಾಗ ದ್ರಾವಣ ಶ್ವಾಸಕೋಶಕ್ಕೆ ಹೋಗಿ ಇಲಿ ಸಾಯುತ್ತದೆ. ಮರಣೋತ್ತರ ಪರೀಕ್ಷೆ ಮಾಡದಿದ್ದರೆ ಆ ಸಾವು ಕೀಟನಾಶಕದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮನುಷ್ಯರಲ್ಲಿ ಕಗ್ಗಂಟು ಇನ್ನೂ ಬಿಗಿ. ನಿಮ್ಮ ಎರಡನೇ ಗುಂಪು ಅಳೆಯುವ ಬಿಸ್ಫೀನಾಲ್ ಎ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಥ್ಯಾಲೇಟ್‌ಗಳ ಅರ್ಧಾಯು ಒಂದು ದಿನಕ್ಕಿಂತ ಕಡಿಮೆ. ಒಂಬತ್ತು ತಿಂಗಳ ಬಸಿರಿನಲ್ಲಿ ಒಂದೇ ಸಲ ತೆಗೆದ ಮೂತ್ರ ಹೇಳುವುದು ಹಿಂದಿನ ಊಟದ ಕತೆಯನ್ನು, ಬಸಿರಿನ ಕತೆಯನ್ನಲ್ಲ. ಇಂಥ ಅಳತೆದೋಷ ಹೆಚ್ಚಾಗಿ ನಿಜವಾದ ಸಂಬಂಧವನ್ನು ಸೊನ್ನೆಯ ಕಡೆಗೆ ಎಳೆಯುತ್ತದೆ. ಇರುವ ಹಾನಿ ಇಲ್ಲವೆಂಬಂತೆ ತೋರುತ್ತದೆ. ರಕ್ತದ ಸೀಸಕ್ಕೆ ಸುಮಾರು ಒಂದು ತಿಂಗಳ ಅರ್ಧಾಯುವಿದೆ, ಮೂಳೆಯ ಸೀಸಕ್ಕೆ ದಶಕಗಳದು. ಅಲ್ಲಿ ಒಂದು ಮಾದರಿ ಕೂಡ ಏನನ್ನಾದರೂ ಹೇಳೀತು. ಬಿಸ್ಫೀನಾಲ್‌ಗೆ ಹಾಗಲ್ಲ, ಬಸಿರಿನ ಉದ್ದಕ್ಕೂ ಹಲವು ಮಾದರಿಗಳು ಬೇಕು. ಮೂತ್ರ ತೆಳುವೋ ಗಾಢವೋ ಎಂದು ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್‌ನಿಂದ ಸರಿಪಡಿಸುತ್ತಾರೆ, ಆದರೆ ಬಸಿರಿನಲ್ಲಿ ಮೂತ್ರಪಿಂಡದ ಸೋಸುವಿಕೆಯೇ ಹೆಚ್ಚುವುದರಿಂದ ಕ್ರಿಯಾಟಿನಿನ್ ಕೂಡ ಜಾರುವ ನೆಲ. ಸ್ಪೆಸಿಫಿಕ್ ಗ್ರ್ಯಾವಿಟಿಯನ್ನೂ (ಮೂತ್ರದ ಸಾಪೇಕ್ಷ ಸಾಂದ್ರತೆ) ಅಳೆದಿಟ್ಟಿದ್ದಾರೆಯೇ ಕೇಳಿ.

ಅಳತೆ ಮತ್ತು ಸನ್ನಿವೇಶ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದಕ್ಕೆ ಈ ಕ್ಷೇತ್ರದ ಹೆಸರಾಂತ ಉದಾಹರಣೆ ಮೀಥೈಲ್ ಪಾದರಸದ್ದು, ಅಂದರೆ ಕಡಲ ಜೀವಿಗಳಲ್ಲಿ ಸೇರುವ ಪಾದರಸದ ರೂಪದ್ದು. ಉತ್ತರ ಅಟ್ಲಾಂಟಿಕ್‌ನ ಫೇರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಮಕ್ಕಳ ಅಧ್ಯಯನ, ಗರ್ಭದಲ್ಲಿದ್ದಾಗಿನ ಪಾದರಸಕ್ಕೂ ಮಕ್ಕಳ ನೆನಪು, ಗಮನ, ಭಾಷೆಗಳಲ್ಲಿ ಕಂಡ ಕುಂದಿಗೂ ಸಂಬಂಧ ತೋರಿಸಿತು. ಹಿಂದೂ ಮಹಾಸಾಗರದ ಸೇಶೆಲ್ಸ್‌ನ ಕೋಹಾರ್ಟ್‌ನಲ್ಲಿ ಅಂಥ ಸ್ಥಿರವಾದ ಸಂಬಂಧ ಕಾಣಲಿಲ್ಲ. ಫೇರೋದಲ್ಲಿ ಪಾದರಸ ಬಂದದ್ದು ಮುಖ್ಯವಾಗಿ ಆಗೊಮ್ಮೆ ಈಗೊಮ್ಮೆ ತಿನ್ನುವ ಪೈಲಟ್ ತಿಮಿಂಗಿಲದ ಮಾಂಸದಿಂದ. ಅದರ ಕೊಬ್ಬಿನಲ್ಲಿ ಪಿಸಿಬಿಗಳೂ (ಹಳೆಯ ಕೈಗಾರಿಕಾ ವಿಷಗಳು) ಇದ್ದವು. ಸೇಶೆಲ್ಸ್‌ನಲ್ಲಿ ದಿನನಿತ್ಯದ ಕಡಲ ಮೀನಿನಿಂದ. ಮೀನಿನ ಕೊಬ್ಬಿನಾಮ್ಲಗಳು ಮಗುವಿನ ಮಿದುಳಿಗೆ ಒಳ್ಳೆಯವು. ಪಾದರಸ ಅಳೆಯಲು ಫೇರೋದಲ್ಲಿ ಹೊಕ್ಕುಳಬಳ್ಳಿಯ ರಕ್ತಕ್ಕೆ ಒತ್ತು, ಸೇಶೆಲ್ಸ್‌ನಲ್ಲಿ ತಾಯಿಯ ಕೂದಲಿಗೆ. ಎರಡೂ ಗುಂಪುಗಳು ಶ್ರದ್ಧೆಯಿಂದಲೇ ಕೆಲಸ ಮಾಡಿದ್ದವು. ಈ ವ್ಯತ್ಯಾಸ ಏಕೆ ಬಂತು ಎಂದು ಕುಳಿತು ಬಿಡಿಸಿದವರು ಪರಿಸರ ಆರೋಗ್ಯದ ಅರ್ಧ ಪಾಠವನ್ನು ಅಲ್ಲೇ ಕಲಿತಂತೆ. ಸಂದರ್ಶನಕ್ಕೆ ಹೋಗುವ ಮೊದಲು ಓದಿಕೊಂಡು ಹೋಗಿ.

ಇಲಿಗಳ ವಿಷಯ

ಟಾಕ್ಸಿಕಾಲಜಿ ಎಂದರೆ ಅರ್ಧದಷ್ಟು ಪ್ರಾಣಿಗಳು ಸಾಯುವ ಡೋಸ್ ಹುಡುಕುವುದು ಎಂಬ ಚಿತ್ರ ಹಳೆಯದು. ಎಲ್‌ಡಿ50 ಎಂಬ ಆ ಪರೀಕ್ಷೆಯನ್ನು 1927ರಲ್ಲಿ ಟ್ರೆವನ್ ರೂಪಿಸಿದರು. ಅದನ್ನು ಹಳೆಯ ರೀತಿಯಲ್ಲಿ ಮಾಡುವ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಮಾರ್ಗಸೂಚಿ 401 ಅನ್ನು 2002ರಲ್ಲಿ ತೆಗೆದೇ ಹಾಕಲಾಯಿತು. ಅದರ ಜಾಗದಲ್ಲಿರುವ 420, 423, 425ನೇ ಮಾರ್ಗಸೂಚಿಗಳಿಗೆ ಬೇಕಾಗುವ ಪ್ರಾಣಿಗಳು ಬಹಳ ಕಡಿಮೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಮುಂದಿಟ್ಟ ಮೂರು ತತ್ವಗಳು, ಅಂದರೆ ಸಾಧ್ಯವಾದಲ್ಲಿ ಪ್ರಾಣಿ ಬಿಡು, ಸಂಖ್ಯೆ ಇಳಿಸು, ನೋವು ಕಡಿಮೆ ಮಾಡು, ಇಂದು ನೈತಿಕ ಸಮಿತಿಯ ಅರ್ಜಿಯಲ್ಲೇ ಉತ್ತರಿಸಬೇಕಾದ ಪ್ರಶ್ನೆಗಳು.

ಇಷ್ಟು ಹೇಳಿದ ಮೇಲೆ ಹಿತವಲ್ಲದ್ದನ್ನೂ ಹೇಳಬೇಕು. 90 ದಿನಗಳ ಪುನರಾವರ್ತಿತ ಡೋಸ್ ಅಧ್ಯಯನದ ಮಾರ್ಗಸೂಚಿ 408ರ ಪ್ರಕಾರ ಕನಿಷ್ಠ ಮೂರು ಡೋಸ್ ಮತ್ತು ಒಂದು ಕಂಟ್ರೋಲ್ (ರಾಸಾಯನಿಕ ಕೊಡದ ಗುಂಪು) ಬೇಕು, ಪ್ರತಿ ಗುಂಪಿಗೆ 10 ಗಂಡು 10 ಹೆಣ್ಣು. ಒಟ್ಟು 80 ಇಲಿಗಳು, ಕೊನೆಯ ದಿನ ಎಲ್ಲವನ್ನೂ ಕೊಂದು ಅಂಗಾಂಶ ತೆಗೆಯಬೇಕು. ಥೀಸಿಸ್‌ನ ಅಧ್ಯಯನ ಇದಕ್ಕಿಂತ ಚಿಕ್ಕದಿರಬಹುದು, ಆದರೆ ಯಕೃತ್ತಿನ ಅಂಗಾಂಶ ಬೇಕಿದ್ದರೆ ಕೊಲ್ಲದೆ ದಾರಿಯಿಲ್ಲ. ಕಾರ್ಬನ್ ಡೈಆಕ್ಸೈಡ್ ಬಳಸುವುದಾದರೆ ಪೆಟ್ಟಿಗೆಯ ಗಾತ್ರದ ಶೇ 30ರಿಂದ 70ರಷ್ಟನ್ನು ನಿಮಿಷಕ್ಕೆ ತುಂಬಿಸುವ ನಿಧಾನಗತಿಯನ್ನು ಅಮೆರಿಕದ ಪಶುವೈದ್ಯರ ಸಂಘ ಸೂಚಿಸಿದೆ. ಐಸೊಫ್ಲುರೇನ್ ಅರಿವಳಿಕೆ ಕೊಟ್ಟು ರಕ್ತ ತೆಗೆಯುವುದು ಇನ್ನೊಂದು ಕ್ರಮ. ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ ಎಂಬ ಏರ್ಪಾಟು ಆರು ತಿಂಗಳು ನಡೆಯುತ್ತದೆ, ಆಮೇಲೆ ಸಹಪಾಠಿಗಳ ಜೊತೆ ಜಗಳಕ್ಕೆ ಕಾರಣವಾಗುತ್ತದೆ. ಸೇರುವ ಮೊದಲು ಒಂದು ದಿನ ಪ್ರಾಣಿಶಾಲೆಯ ಕೆಲಸ ನೋಡಲು ಅನುಮತಿ ಕೇಳಿ. ಆ ದಿನ ಮನಸ್ಸಿಗೆ ಆದದ್ದನ್ನು ತಳ್ಳಿಹಾಕಬೇಡಿ. ಅಭ್ಯಾಸವಾಗುತ್ತದೆ ಎಂದು ಹೇಳುವವರಲ್ಲಿ ಅರ್ಧ ಜನ ಸರಿ, ಉಳಿದವರು ಮೂರನೇ ವರ್ಷ ಬಿಟ್ಟು ಹೋಗುವವರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಪ್ರಾಣಿಯಿಲ್ಲದ ದಾರಿಗಳಿವೆ: ಮರುರಚಿಸಿದ ಮಾನವ ಚರ್ಮದ ಮಾದರಿ, ಜೀನ್ ಕೆಡಿಸುವ ಗುಣವನ್ನು ಬ್ಯಾಕ್ಟೀರಿಯಾದಲ್ಲಿ ನೋಡುವ ಏಮ್ಸ್ ಪರೀಕ್ಷೆ, ಕಂಪ್ಯೂಟರ್ ಮಾದರಿಗಳು. ಆದರೆ ಸೆಲ್ ಕಲ್ಚರ್ ಅಹಿಂಸೆಯದು ಎಂದು ತಿಳಿಯಬೇಡಿ. ಮೀಡಿಯಾಕ್ಕೆ ಹಾಕುವ ಸೀರಮ್ ಬರುವುದು ದನದ ಭ್ರೂಣದಿಂದ, ಏಮ್ಸ್ ಪರೀಕ್ಷೆಯ ಎಸ್9 ಎಂಬ ಕಿಣ್ವ ಮಿಶ್ರಣ ಸಾಮಾನ್ಯವಾಗಿ ಇಲಿಯ ಯಕೃತ್ತಿನಿಂದ. ಇನ್ನು, ನೀವು ಒಂದೂ ಇಲಿಯನ್ನು ಮುಟ್ಟದಿದ್ದರೂ ಇಲಿಯ ಅಧ್ಯಯನದ ವರದಿಯನ್ನು ಓದಿ ತೂಗುವುದನ್ನು ಕಲಿಯಲೇಬೇಕು, ಏಕೆಂದರೆ ಬಳಕೆಯಲ್ಲಿರುವ ಸುರಕ್ಷತಾ ಮಿತಿಗಳಲ್ಲಿ ಹೆಚ್ಚಿನವು ಇಂದಿಗೂ ನಿಂತಿರುವುದು ಅಂಥ ವರದಿಗಳ ಮೇಲೆ.

ಲ್ಯಾಬ್ ಮತ್ತು ಬಸಿರು

ಮನೆಯವರ ಆತಂಕ ಪೊಳ್ಳಲ್ಲ, ಆದರೆ ಅದು ತಪ್ಪು ಕಡೆ ನೋಡುತ್ತಿದೆ. ಕೋಶಗಳಿಗೆ ಹಾಕುವ ಮೈಕ್ರೋಮೋಲಾರ್ ದ್ರಾವಣದಲ್ಲಿರುವ ರಾಸಾಯನಿಕ ಮೈಕ್ರೋಗ್ರಾಂಗಳ ಲೆಕ್ಕದ್ದು. ನಿಜವಾದ ಅಪಾಯ ಇರುವುದು ಶುದ್ಧ ಪುಡಿಯನ್ನು ತೂಗುವ ಆ ಐದು ನಿಮಿಷಗಳಲ್ಲಿ. ಪುಡಿ ಸ್ಥಾಯೀ ವಿದ್ಯುತ್ತಿಗೆ ಹಾರುತ್ತದೆ, ತಕ್ಕಡಿಯ ಸುತ್ತ ಕೂರುತ್ತದೆ, ಕೈಗವಸಿನಿಂದ ಬಾಗಿಲ ಹಿಡಿಗೆ ಹೋಗುತ್ತದೆ. ಇದಕ್ಕೊಂದು ಸರಳ ಕ್ರಮವಿದೆ. ಮುಚ್ಚಳ ಹಾಕಿದ ಖಾಲಿ ವಯಲ್ (ಪುಟ್ಟ ಸೀಸೆ) ತೂಗಿ, ಫ್ಯೂಮ್ ಹುಡ್ (ಆವಿಯನ್ನು ಹೊರಕ್ಕೆಳೆಯುವ ಗೂಡು) ಒಳಗೆ ಅಂದಾಜಿಗೆ ಪುಡಿ ಹಾಕಿ ಮುಚ್ಚಿ, ಹೊರಗೆ ತಂದು ಮತ್ತೆ ತೂಗಿ, ಬಂದ ತೂಕಕ್ಕೆ ತಕ್ಕಂತೆ ದ್ರಾವಕದ ಪ್ರಮಾಣ ಲೆಕ್ಕಹಾಕಿ. 10.0 ಮಿಲಿಗ್ರಾಂ ಬರಲೇಬೇಕೆಂದು ಚಮಚದಲ್ಲಿ ಕೆದಕುವ ಅಗತ್ಯವೇ ಇಲ್ಲ. ಸಿದ್ಧ ದ್ರಾವಣ ಸಿಗುವಂತಿದ್ದರೆ ಅದನ್ನೇ ಕೊಳ್ಳಿ.

ಹುಡ್‌ಗಳ ಬಗ್ಗೆ ಒಂದು ಮಾತು, ಏಕೆಂದರೆ ಇದರಲ್ಲಿ ಹೊಸಬರಷ್ಟೇ ಅಲ್ಲ, ಹಳಬರೂ ಎಡವುತ್ತಾರೆ. ಅಡ್ಡಗಾಳಿಯ ಲ್ಯಾಮಿನಾರ್ ಫ್ಲೋ ಬೆಂಚ್ ಗಾಳಿಯನ್ನು ನಿಮ್ಮ ಮುಖಕ್ಕೇ ಊದುತ್ತದೆ. ಅದು ರಕ್ಷಿಸುವುದು ಮಾದರಿಯನ್ನು, ನಿಮ್ಮನ್ನಲ್ಲ. ಜೈವಿಕ ಸುರಕ್ಷತಾ ಕ್ಯಾಬಿನೆಟ್‌ನ ಹೆಪಾ ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಹೊರಕ್ಕೆ ಕೊಳವೆಯಿಲ್ಲದ ಕ್ಯಾಬಿನೆಟ್ ಆವಿಯನ್ನು ಮತ್ತೆ ಕೋಣೆಗೇ ಬಿಡುತ್ತದೆ. ಆವಿಯಾಗುವ ವಿಷಕ್ಕೆ ಫ್ಯೂಮ್ ಹುಡ್ ಒಂದೇ. ಕೈಗವಸೂ ಹಾಗೆಯೇ: ನೈಟ್ರೈಲ್ ಕೈಗವಸನ್ನು ಡೈಕ್ಲೋರೋಮೀಥೇನ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಡಾರ್ಟ್‌ಮೌತ್ ಕಾಲೇಜಿನ ರಸಾಯನವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ 1996ರ ಆಗಸ್ಟ್‌ನಲ್ಲಿ ಲೇಟೆಕ್ಸ್ ಕೈಗವಸಿನ ಮೇಲೆ ಕೆಲವು ಹನಿ ಡೈಮೀಥೈಲ್ ಪಾದರಸ ಬಿದ್ದು, ಮುಂದಿನ ಜೂನ್‌ನಲ್ಲಿ ತೀರಿಕೊಂಡರು. ಅವರು ಆ ಕಾಲದ ನಿಯಮಗಳನ್ನು ಪಾಲಿಸಿಯೇ ಕೆಲಸ ಮಾಡುತ್ತಿದ್ದವರು. ಕೈಗವಸು ಯಾವ ದ್ರಾವಕಕ್ಕೆ ಎಷ್ಟು ನಿಮಿಷ ತಡೆಯುತ್ತದೆ ಎಂಬ ಪಟ್ಟಿಯನ್ನು ತಯಾರಕರು ಕೊಡುತ್ತಾರೆ; ಅದು ಗೋಡೆಯ ಮೇಲಿಲ್ಲದ ಲ್ಯಾಬ್‌ನಲ್ಲಿ ನೀವೇ ಅಂಟಿಸಬೇಕಾಗುತ್ತದೆ.

ಭ್ರೂಣದ ಅಂಗಗಳು ರೂಪುಗೊಳ್ಳುವುದು ಮುಖ್ಯವಾಗಿ ಮೂರರಿಂದ ಎಂಟನೇ ವಾರದಲ್ಲಿ. ಬಸಿರು ಗೊತ್ತಾಗುವ ಹೊತ್ತಿಗೆ ಈ ಅವಧಿ ಶುರುವಾಗಿರುತ್ತದೆ. ಆದ್ದರಿಂದ ಎಚ್ಚರಿಕೆ ಗೊತ್ತಾದ ಮೇಲಿನದ್ದಾದರೆ ಸಾಲದು, ಮಗುವಿಗೆ ಪ್ರಯತ್ನಿಸುವ ಮೊದಲೇ ಇರಬೇಕು. ನಿಮ್ಮ ಪ್ರಯೋಗದ ರಾಸಾಯನಿಕಗಳ ಸುರಕ್ಷತಾ ಪತ್ರಗಳನ್ನು ತೆರೆದು ಎಚ್360, ಎಚ್361, ಎಚ್362 ಸಂಕೇತಗಳನ್ನು ಹುಡುಕಿ. ಮೊದಲನೆಯದು ಸಂತಾನಶಕ್ತಿಗೆ ಅಥವಾ ಭ್ರೂಣಕ್ಕೆ ಹಾನಿ ಮಾಡಬಲ್ಲದು, ಎರಡನೆಯದು ಹಾಗೆಂದು ಸಂಶಯವಿರುವುದು, ಮೂರನೆಯದು ಎದೆಹಾಲಿನ ಮೂಲಕ ಮಗುವಿಗೆ ಹಾನಿ ಮಾಡಬಹುದಾದದ್ದು. ಎಚ್360 ಸಂಕೇತ ಗಂಡಸರಿಗೂ ಅನ್ವಯಿಸುತ್ತದೆ ಎಂಬುದನ್ನು ಲ್ಯಾಬಿನ ಹುಡುಗರು ಓದುವುದೇ ಇಲ್ಲ. ಸೀಸ ಮತ್ತು ಪಾದರಸದ ಸಂಯುಕ್ತಗಳು, ಕ್ಯಾನ್ಸರ್ ಔಷಧಗಳು, ಸರಿಯಾಗಿ ಹೀರಿಹಾಕದ ಅರಿವಳಿಕೆ ಅನಿಲ ಇವುಗಳ ಕೆಲಸವನ್ನು ಆ ಅವಧಿಯಲ್ಲಿ ಬೇರೆಯವರಿಗೆ ವಹಿಸಿ, ನೀವು ಡೇಟಾ ಮತ್ತು ಬರವಣಿಗೆ ತೆಗೆದುಕೊಳ್ಳುವಂತೆ ಪ್ರಯೋಗಗಳ ಕ್ರಮವನ್ನು ಮೊದಲೇ ಜೋಡಿಸಬಹುದು.

ಇನ್ನು, ಪ್ರಾಣಿ ಲ್ಯಾಬುಗಳಲ್ಲಿ ವಿಷಕ್ಕಿಂತ ಹೆಚ್ಚು ಜನರನ್ನು ಕಾಡುವುದು ಇಲಿಯ ಅಲರ್ಜಿ. ಮೂತ್ರದ ಪ್ರೋಟೀನ್ ಧೂಳಾಗಿ ಮೂಗಿಗೆ ಬಂದು ಮೊದಲು ಸೀನು, ಕಣ್ಣುರಿ, ಕೆಲವರಿಗೆ ಮುಂದೆ ಅಸ್ತಮಾ. ಈಗಾಗಲೇ ಅಲರ್ಜಿ ಪ್ರವೃತ್ತಿ ಇರುವವರು ಇದನ್ನು ಗಂಭೀರವಾಗಿ ತೂಗಬೇಕು. ಕೋಹಾರ್ಟ್ ಗುಂಪಿನಲ್ಲಿ ಈ ಕಾಟವಿಲ್ಲ. ಅಲ್ಲಿ ದ್ರಾವಕಗಳು ಮತ್ತು ಮಾದರಿಗಳಿಂದ ಹರಡುವ ಸೋಂಕು ಮಾತ್ರ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಿ.

ಲೆಕ್ಕದ ಭಯ

ಕೋಹಾರ್ಟ್‌ಗೆ ಸ್ಟ್ಯಾಟಿಸ್ಟಿಕ್ಸ್ ಬೇಕು, ಇಲಿ ಲ್ಯಾಬ್‌ಗೆ ಬೇಡ ಎಂದುಕೊಂಡಂತಿದೆ. ಇಲಿ ಲ್ಯಾಬ್‌ಗಳ ಪೇಪರ್‌ಗಳು ತಿರಸ್ಕಾರವಾಗುವುದೂ ಇದೇ ಕಾರಣಕ್ಕೆ. ಒಂದೇ ಪ್ಲೇಟಿನ ಮೂರು ಬಾವಿಗಳನ್ನು ಮೂರು ಪ್ರಯೋಗ ಎಂದು ಎಣಿಸುತ್ತಾರೆ; ಅದು ಒಂದೇ ಪ್ರಯೋಗ. ಗರ್ಭಿಣಿ ಇಲಿಗೆ ಡೋಸ್ ಕೊಟ್ಟು ಹತ್ತು ಮರಿಗಳನ್ನು ಹತ್ತು ಎಂದು ಎಣಿಸುತ್ತಾರೆ; ಡೋಸ್ ಬಿದ್ದದ್ದು ತಾಯಿಗೆ, ಎಣಿಕೆಯ ಘಟಕವೂ ತಾಯಿಯೇ. 96 ಬಾವಿಯ ಪ್ಲೇಟಿನಲ್ಲಿ ಅಂಚಿನ 36 ಬಾವಿಗಳು ಬೇಗ ಆರುತ್ತವೆ. ಕಂಟ್ರೋಲ್ ಎಲ್ಲ ಅಂಚಿನಲ್ಲಿ, ಡೋಸ್ ಎಲ್ಲ ನಡುವೆ ಇಟ್ಟರೆ ಆವಿಯಾದ ನೀರನ್ನೇ ವಿಷವೆಂದು ಅಳೆದಂತಾಯಿತು. ಡಿಎಂಎಸ್‌ಒ ಎಂಬ ದ್ರಾವಕದ ಪ್ರಮಾಣ ಎಲ್ಲ ಬಾವಿಗಳಲ್ಲೂ ಒಂದೇ ಇರಬೇಕು, ಸಾಧ್ಯವಾದರೆ ಶೇ 0.1. ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಕೋಶವೇ ಇಲ್ಲದ ಬಾವಿಯಲ್ಲಿ ನಿಮ್ಮ ರಾಸಾಯನಿಕ ತಾನೇ ನೇರಳೆ ಬಣ್ಣ ತರಿಸುತ್ತದೆಯೇ ನೋಡಬೇಕು. ಆಂಟಿಆಕ್ಸಿಡೆಂಟ್‌ಗಳು, ಕೆಲವು ನ್ಯಾನೋಕಣಗಳು ಹಾಗೆ ಮಾಡುತ್ತವೆ. ಇವೆಲ್ಲ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ತೆರೆಯುವ ಮೊದಲೇ ನಡೆಯುವ ಲೆಕ್ಕದ ತಪ್ಪುಗಳು.

ನಿಮಗೆ ಇದರಲ್ಲಿ ಅರ್ಧ ಈಗಾಗಲೇ ಗೊತ್ತು. ಕ್ಯಾಲಿಬ್ರೇಷನ್ ರೇಖೆಯ ತುದಿಯಲ್ಲಿ ಬಿಂದುಗಳು ಏಕೆ ಚದುರುತ್ತವೆ, 1/x ತೂಕ ಏಕೆ ಕೊಡುತ್ತೇವೆ, ಎಲ್‌ಒಡಿ (ಯಂತ್ರ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಎಂದರೇನು, ಬ್ಲ್ಯಾಂಕ್‌ನಲ್ಲಿ (ರಾಸಾಯನಿಕ ಹಾಕದ ಮಾದರಿಯಲ್ಲಿ) ಪೀಕ್ ಬಂದರೆ ಏನು ಮಾಡಬೇಕು ಎಂದು ದಿನವೂ ನೋಡುತ್ತಿದ್ದೀರಿ. ಕೋಹಾರ್ಟ್‌ನಲ್ಲಿ ಎಲ್‌ಒಡಿ ಕೆಳಗಿನ ಮಾದರಿಗಳಿಗೆ ಸೊನ್ನೆ ಹಾಕುವುದೋ, ಎಲ್‌ಒಡಿಯನ್ನು 2ರ ವರ್ಗಮೂಲದಿಂದ ಭಾಗಿಸಿ ಹಾಕುವುದೋ, ಅಂಥ ಮಾದರಿಗಳಿಗೆಂದೇ ಇರುವ ಸೆನ್ಸರ್ಡ್ ರಿಗ್ರೆಷನ್ ಬಳಸುವುದೋ ಎಂಬ ಚರ್ಚೆ ಅಲ್ಲಿಂದ ಒಂದು ಹೆಜ್ಜೆ ಮುಂದಿನದಷ್ಟೇ. ಸೇರುವ ಮೊದಲಿನ ತಿಂಗಳುಗಳಲ್ಲಿ ಆರ್ ಎಂಬ ಸ್ಟ್ಯಾಟಿಸ್ಟಿಕ್ಸ್ ಕಂಪ್ಯೂಟರ್ ಭಾಷೆಯಲ್ಲಿ ಲೀನಿಯರ್ ಮತ್ತು ಲಾಜಿಸ್ಟಿಕ್ ರಿಗ್ರೆಷನ್, ಆಮೇಲೆ ಮಿಕ್ಸೆಡ್ ಮಾಡೆಲ್ ಕಲಿಯಿರಿ. ಡೋಸ್‌ನ ವಕ್ರರೇಖೆಗೆ ಡಿಆರ್‌ಸಿ ಎಂಬ ಪ್ಯಾಕೇಜ್ ಇದೆ. 1984ರಲ್ಲಿ ಕ್ರಂಪ್ ಮುಂದಿಟ್ಟ ಬೆಂಚ್‌ಮಾರ್ಕ್ ಡೋಸ್ ವಿಧಾನ (ಮೊದಲೇ ಗೊತ್ತುಮಾಡಿದ ಸಣ್ಣ ಹಾನಿಗೆ ಬೇಕಾದ ಡೋಸನ್ನು ರೇಖೆಯಿಂದ ಲೆಕ್ಕಹಾಕುವುದು) ಏಕೆ ಬಂತು ಎಂದು ಓದಿ. ಹಾನಿ ಕಾಣದ ಅತಿ ಹೆಚ್ಚಿನ ಡೋಸ್, ಅಂದರೆ ನೋಯೆಲ್, ನೀವು ಆರಿಸಿದ ಡೋಸ್‌ಗಳಲ್ಲೇ ಒಂದಾಗಿರಬೇಕು. ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡಿದಷ್ಟೂ ಹಾನಿ ಕಣ್ತಪ್ಪಿ ನೋಯೆಲ್ ಮೇಲೇರುತ್ತದೆ. ಅಂದರೆ ಕಳಪೆ ಅಧ್ಯಯನಕ್ಕೆ ಬಹುಮಾನ ಸಿಕ್ಕಂತೆ. ಬೆಂಚ್‌ಮಾರ್ಕ್ ಡೋಸ್ ಇಡೀ ರೇಖೆಯನ್ನು ಬಳಸುವುದರಿಂದ ಈ ದೋಷ ತಗ್ಗುತ್ತದೆ.

ಕಾರಣ-ಪರಿಣಾಮದ ವಾದಕ್ಕೆ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫೋರ್ಡ್ ಹಿಲ್ 1965ರಲ್ಲಿ ಕೊಟ್ಟ ಒಂಬತ್ತು ಅಂಶಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತಾರೆ. ಅವರು ಅವನ್ನು ನೋಡುವ ದೃಷ್ಟಿಗಳು ಎಂದಿದ್ದರು, ಟಿಕ್ ಹಾಕುವ ಷರತ್ತುಗಳೆಂದಲ್ಲ. ವೈವಾದಲ್ಲಿ ಈ ವ್ಯತ್ಯಾಸ ಗೊತ್ತಿರುವವರು ಬೇಗ ಪಾರಾಗುತ್ತಾರೆ.

ಎರಡು ಗುಂಪು, ಎರಡು ಬಗೆಯ ಅಪಾಯ

ಯಕೃತ್ತಿನ ಲ್ಯಾಬ್‌ನಲ್ಲಿ ಪ್ರಯೋಗ ನಿಮ್ಮ ಕೈಯಲ್ಲಿರುತ್ತದೆ. ತಪ್ಪಿದರೆ ಮುಂದಿನ ವಾರ ಮತ್ತೆ ಮಾಡಬಹುದು, ಮೊದಲ ವರ್ಷದಲ್ಲೇ ಡೇಟಾ ಬರಬಹುದು. ಅಪಾಯವೆಂದರೆ ಮನುಷ್ಯರು ಎಂದೂ ಕಾಣದ ಡೋಸ್‌ಗಳಲ್ಲಿ ಸುಂದರ ಗ್ರಾಫ್‌ಗಳನ್ನು ಕೂಡಿಹಾಕುವುದು. 100 ಮೈಕ್ರೋಮೋಲಾರ್‌ನಲ್ಲಿ ಕೋಶಗಳನ್ನು ಸಾಯಿಸುವ ವಸ್ತುಗಳು ಬೇಕಾದಷ್ಟಿವೆ. ಜನರ ರಕ್ತದಲ್ಲಿ ಆ ಕೀಟನಾಶಕ ಎಷ್ಟಿದೆ ಎಂಬ ಅಂಕಿಯೊಂದಿಗೆ ಹೋಲಿಸದ ಥೀಸಿಸ್‌ಗೆ ಇಂದು ಬೆಲೆ ಕಡಿಮೆ.

ಕೋಹಾರ್ಟ್‌ನಲ್ಲಿ ಪ್ರಶ್ನೆ ನೇರವಾಗಿ ಮನುಷ್ಯರದು, ಸಮಯ ಮಾತ್ರ ನಿಮ್ಮ ಕೈಯಲ್ಲಿಲ್ಲ. ಮಕ್ಕಳಿಗೆ ಎರಡು ವರ್ಷ ತುಂಬಿದಾಗ ಬೆಳವಣಿಗೆ ಅಳೆಯುವ ಯೋಜನೆಯಿದ್ದು, ಗರ್ಭಿಣಿಯರ ನೋಂದಣಿ ಈಗಷ್ಟೇ ನಡೆಯುತ್ತಿದ್ದರೆ ನಿಮ್ಮ ಡೇಟಾ ಮೂರು ನಾಲ್ಕು ವರ್ಷ ದೂರ. ನೈತಿಕ ಸಮಿತಿಯ ತಿದ್ದುಪಡಿ, ಬಿಟ್ಟುಹೋಗುವ ತಾಯಂದಿರು, ಹೊರಗಿನ ಲ್ಯಾಬ್‌ನ ಸರದಿ ಸೇರಿದರೆ ಇನ್ನೂ ದೂರ. ಮಾದರಿಗಳು ಈಗಾಗಲೇ ಮೈನಸ್ 80 ಡಿಗ್ರಿಯಲ್ಲಿ ಇವೆಯೇ, ಮಕ್ಕಳ ಮೊದಲ ಸುತ್ತಿನ ಅಳತೆ ಮುಗಿದಿದೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ. ಥ್ಯಾಲೇಟ್ ಅಳೆಯುವ ಗುಂಪಾದ್ದರಿಂದ ಇನ್ನೊಂದು: ಮೂಲ ಥ್ಯಾಲೇಟ್ ಸಂಗ್ರಹದ ಡಬ್ಬ, ಕೊಳವೆ, ದ್ರಾವಕ ಎಲ್ಲದರಿಂದಲೂ ಮಾದರಿಗೆ ಸೇರುತ್ತದೆ. ದೇಹದಲ್ಲಿ ರೂಪಾಂತರಗೊಂಡ ಮಾನೋಎಸ್ಟರ್‌ಗಳನ್ನು ಮೂತ್ರದಲ್ಲಿ ಅಳೆಯುವುದು ಅದಕ್ಕಾಗಿ. ಸಂಗ್ರಹದ ಡಬ್ಬದಲ್ಲಿ ಶುದ್ಧ ನೀರು ಹಾಕಿ ಇಡೀ ದಾರಿ ಹಾಯಿಸಿದ ಫೀಲ್ಡ್ ಬ್ಲ್ಯಾಂಕ್ ಇಟ್ಟಿದ್ದಾರೆಯೇ? ಹೆಚ್ಚು ತೂಕದ ಮಕ್ಕಳ ತಾಯಂದಿರ ಮಾದರಿಗಳನ್ನು ಒಂದು ಬ್ಯಾಚ್‌ನಲ್ಲೂ ಉಳಿದವರದನ್ನು ಇನ್ನೊಂದರಲ್ಲೂ ಓಡಿಸಿಲ್ಲ ತಾನೇ? ಎರಡೂ ಪ್ರಶ್ನೆ ಕೇಳುವ ಹೊಸ ವಿದ್ಯಾರ್ಥಿ ಸಿಕ್ಕರೆ ಒಳ್ಳೆಯ ಗೈಡ್ ಖುಷಿಪಡುತ್ತಾರೆ.

ಮೂರನೇ ದಾರಿಯೂ ಇದೆ: ಕೋಹಾರ್ಟ್‌ನಲ್ಲಿ ಮುಖ್ಯ ಗೈಡ್, ಯಕೃತ್ತಿನ ಲ್ಯಾಬ್‌ನಲ್ಲಿ ಸಹ-ಗೈಡ್. ಜನರ ಮೂತ್ರದಲ್ಲಿ ಕಂಡ ಮಟ್ಟವನ್ನೇ ಕೋಶಗಳಿಗೆ ಕೊಟ್ಟು ನೋಡುವ ಒಂದು ಅಧ್ಯಾಯ. ಕಾಗದದ ಮೇಲೆ ಇದಕ್ಕಿಂತ ಚೆಂದದ್ದಿಲ್ಲ. ಇಬ್ಬರು ಗೈಡ್‌ಗಳು ಪರಸ್ಪರ ಮಾತಾಡುವವರಲ್ಲದಿದ್ದರೆ ವಿದ್ಯಾರ್ಥಿ ನಡುವೆ ಅಂಚೆಯಾಳಾಗುತ್ತಾಳೆ. ಹಿಂದೆ ಒಟ್ಟಿಗೆ ಒಂದಾದರೂ ಪೇಪರ್ ಬರೆದಿದ್ದಾರೆಯೇ ನೋಡಿ, ಇಲ್ಲದಿದ್ದರೆ ಬಿಡಿ.

ನಿಮ್ಮ ಸ್ಥಿತಿಯಲ್ಲಿ ನನ್ನ ಒಲವು ಕೋಹಾರ್ಟ್ ಕಡೆಗೆ, ಒಂದು ಷರತ್ತಿನ ಮೇಲೆ: ತಾಯಿಯೊಬ್ಬರಿಗೆ ಕನಿಷ್ಠ ಎರಡು ಮೂರು ಮೂತ್ರದ ಮಾದರಿ ಫ್ರೀಜರ್‌ನಲ್ಲಿರಬೇಕು ಮತ್ತು ಎಲ್‌ಸಿ-ಎಂಎಸ್/ಎಂಎಸ್ (ಬೇರ್ಪಟ್ಟ ರಾಸಾಯನಿಕಗಳನ್ನು ಅಣುತೂಕದಿಂದ ಗುರುತಿಸಿ ಅಳೆಯುವ ಯಂತ್ರ) ಮುಂದೆ ನೀವೇ ಕೂರುವಂತಿರಬೇಕು. ಮಾದರಿಗಳನ್ನು ಹೊರಗೆ ಕಳಿಸಿ ಎಕ್ಸೆಲ್ ಶೀಟ್ ತರಿಸಿಕೊಳ್ಳುವ ಏರ್ಪಾಟಾದರೆ ನೀವು ಮೂರು ವರ್ಷ ಕೈ ಪಳಗಿಸಿಕೊಂಡದ್ದು ವ್ಯರ್ಥ. ಆಗ ಇಲಿಯ ಅಳುಕು ಮೀರಬಲ್ಲಿರಾದರೆ ಯಕೃತ್ತಿನ ಲ್ಯಾಬ್ ಮೇಲು. ಎರಡೂ ಕಡೆ ಉತ್ತರ ನಿರಾಶಾದಾಯಕವಾಗಿದ್ದರೆ ಒಂದು ವರ್ಷ ಕಾಯುವುದರಲ್ಲಿ ನಷ್ಟವಿಲ್ಲ. ಕಾಯುವ ಅಪಾಯ ಬೇರೆ: ಸಂಬಳ ಏರುತ್ತಾ ಹೋದಂತೆ ಫೆಲೋಶಿಪ್‌ಗೆ ಇಳಿಯುವುದು ಕಷ್ಟವಾಗುತ್ತದೆ.

ಕೆಲಸದ ಮಾತು

ಕಾಲೇಜು ಬಿಟ್ಟರೆ ಬೇರೆ ಇಲ್ಲ ಎನ್ನುವುದು ಈ ವಿಷಯಕ್ಕೆ ಅನ್ವಯಿಸದ ಮಾತು. ನೀವು ಈಗ ಕ್ರೋಮ್ಯಾಟೋಗ್ರಾಮ್‌ನಲ್ಲಿ ಹೋಲಿಸುತ್ತಿರುವ ಕಲ್ಮಶದ ಮಿತಿಗಳಲ್ಲಿ ಹಲವನ್ನು ಬರೆದದ್ದು ಟಾಕ್ಸಿಕಾಲಜಿ ಓದಿದವರೇ. ಜೀನ್ ಕೆಡಿಸಬಲ್ಲ ಕಲ್ಮಶಕ್ಕೆ ಜೀವನಪೂರ್ತಿ ಸೇವನೆಯಲ್ಲಿ ದಿನಕ್ಕೆ 1.5 ಮೈಕ್ರೋಗ್ರಾಂ ಎಂಬ, ಔಷಧ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ ಎಂ7 ಮಾರ್ಗಸೂಚಿಯ ಅಂಕಿ ನಿಮಗೆ ಪರಿಚಿತವಿರಬೇಕು. ದ್ರಾವಕದ ಉಳಿಕೆಗೆ ದಿನದ ಮಿತಿ ಹೇಗೆ ಬರುತ್ತದೆ ಎಂದು ಒಮ್ಮೆ ಲೆಕ್ಕ ಮಾಡಿ ನೋಡಿ. ಇಲಿಯ 90 ದಿನದ ಅಧ್ಯಯನದಲ್ಲಿ ನೋಯೆಲ್ ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 50 ಕೆಜಿ ವ್ಯಕ್ತಿಗೆ 500 ಮಿಲಿಗ್ರಾಂ. ಇಲಿಯಿಂದ ಮನುಷ್ಯನಿಗೆ ದಾಟಲು 5, ಮನುಷ್ಯರ ನಡುವಿನ ವ್ಯತ್ಯಾಸಕ್ಕೆ 10, ಅಧ್ಯಯನ ಮೂರೇ ತಿಂಗಳದ್ದಾದ್ದರಿಂದ 5. ಒಟ್ಟು 250ರಿಂದ ಭಾಗಿಸಿದರೆ ದಿನಕ್ಕೆ 2 ಮಿಲಿಗ್ರಾಂ. ಭಾಗಾಕಾರ ಯಾರು ಬೇಕಾದರೂ ಮಾಡಿಯಾರು. ಆ 10 ನಂಬಬಹುದಾದ ಅಂಕಿಯೇ, ಯಾವ ಹಾನಿಯನ್ನು ಲೆಕ್ಕಕ್ಕೆ ಹಿಡಿದರು, 5ರ ಬದಲು ಬೇರೆ ಬಳಸಲು ಆಧಾರವಿದೆಯೇ ಎಂದು ಸಮರ್ಥಿಸಲು ಬಲ್ಲವರಿಗೆ ಔಷಧ, ಕೀಟನಾಶಕ, ವೈದ್ಯಕೀಯ ಸಾಧನ, ಪ್ರಸಾಧನ ಉದ್ಯಮಗಳಲ್ಲೂ ನಿಯಂತ್ರಣ ಸಂಸ್ಥೆಗಳಲ್ಲೂ ಜಾಗವಿದೆ. ಒಪ್ಪಂದದ ಮೇಲೆ ಪರೀಕ್ಷೆ ನಡೆಸುವ ಸಂಸ್ಥೆಗಳಿಗೆ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿಯ ನಿಯಮಗಳು) ಬಲ್ಲ ಸ್ಟಡಿ ಡೈರೆಕ್ಟರ್‌ಗಳು ಬೇಕು. ಗುಣಮಟ್ಟ ವಿಭಾಗದಿಂದ ಬಂದವರಿಗೆ ದಾಖಲೆಯ ಶಿಸ್ತು ಮೈಗಂಟಿರುತ್ತದೆ. ಅಮೆರಿಕದ ಮತ್ತು ಯುರೋಪಿನ ವೃತ್ತಿ ಪ್ರಮಾಣಪತ್ರಗಳು ಪದವಿಯ ಜೊತೆ ಕೆಲಸದ ಅನುಭವವನ್ನೂ ಕೇಳುತ್ತವೆ, ಹಾಗಾಗಿ ಅವು ಪಿಎಚ್.ಡಿ. ನಂತರದ ಮಾತು.

ಹೌದು ಎನ್ನುವ ಮೊದಲು ಎರಡೂ ಗುಂಪಿನಿಂದ ಹೊರಬಂದ ಇತ್ತೀಚಿನ ಮೂರು ಥೀಸಿಸ್‌ಗಳ ವಿಧಾನ ಅಧ್ಯಾಯ ಓದಿ. ಕೊಟ್ಟ ಡೋಸ್ ಮತ್ತು ಅಳೆದ ಡೋಸ್ ಎರಡೂ ಇರುವ ಕೋಷ್ಟಕ ಸಿಕ್ಕರೆ ಒಳ್ಳೆಯ ಲಕ್ಷಣ. ಸೇರಿದ ದಿನದಿಂದ ಥೀಸಿಸ್ ಸಲ್ಲಿಸುವವರೆಗೆ ಎಷ್ಟು ವರ್ಷ ಹಿಡಿಯಿತು, ಮೊದಲ ಹೆಸರಿನ ಪೇಪರ್ ಯಾರಿಗೆ ಸಿಕ್ಕಿತು, ಉಪಕರಣದ ಸಮಯಕ್ಕೆ ಯಾವ ಅನುದಾನದಿಂದ ಹಣ ಬರುತ್ತದೆ, ಅದು ಯಾವ ವರ್ಷ ಮುಗಿಯುತ್ತದೆ ಎಂದು ಕೇಳಿ. ಮುಗಿಸಿದವರ ಜೊತೆಗೆ ನಡುವೆ ಬಿಟ್ಟವರೊಬ್ಬರ ಜೊತೆಯೂ ಮಾತಾಡಿ. ಬಸಿರಿನ ಯೋಜನೆಯನ್ನು ಸಂದರ್ಶನದಲ್ಲಿ ಹೇಳಬೇಕಾಗಿಲ್ಲ, ಯಾರೂ ಕೇಳಲೂಬಾರದು. ಆದರೆ ಹೆರಿಗೆ ರಜೆಯ ಅವಧಿಯಲ್ಲಿ ಫೆಲೋಶಿಪ್ ನಿಲ್ಲುತ್ತದೆಯೇ, ಗಡುವು ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನು ಗೈಡ್‌ಗಿಂತ ಪಿಎಚ್.ಡಿ. ವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಇಲಿಯ ವಿಷಯ ಮಾತ್ರ ಗೈಡ್‌ಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಕೋಶಗಳ ಕೆಲಸದಲ್ಲೇ ನಿಲ್ಲುವ ಒಂದು ಯೋಜನೆ ಅವರ ಬಳಿ ಇದ್ದೀತು, ಇಲ್ಲದಿದ್ದರೆ ಅದೂ ಅಂದೇ ಗೊತ್ತಾಗುತ್ತದೆ.